ಕರ್ನಲ್ ಬದಲಾದರೂ ಝಡ್‌ಎಫ್‌ಎಸ್ ಮಾಡ್ಯೂಲ್ ಬಿಲ್ಡ್ ಆಗಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ಝಡ್‌ಎಫ್‌ಎಸ್ ಎಂದರೆ ಡಿಸ್ಕ್ ಮೇಲೆ ಫೈಲ್‌ಗಳನ್ನು ಇಟ್ಟು ನೋಡಿಕೊಳ್ಳುವ ಒಂದು ಫೈಲ್‌ಸಿಸ್ಟಂ, ಓಪನ್‌ಝಡ್‌ಎಫ್‌ಎಸ್ ಅದರ ಮುಕ್ತ ಯೋಜನೆ. ಲಿನಕ್ಸ್ ಮೇಲೆ ಓಪನ್‌ಝಡ್‌ಎಫ್‌ಎಸ್ ಬಳಸುವವರು ಮತ್ತು ಅದರ ಕೋಡ್‌ಗೆ ಕೈಹಾಕುವ ಹುಡುಗ ಹುಡುಗಿಯರು ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇವು. ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಇಟ್ಟಿದ್ದೇನೆ. ಮೊದಲ ಭಾಗ ಎಲ್ಲರಿಗೂ, ನಡುವಿನದು ಸರ್ವರ್ ನೋಡಿಕೊಳ್ಳುವವರಿಗೆ, ಕೊನೆಯ ಎರಡು ಭಾಗ ಕೋಡ್ ಬರೆಯುವವರಿಗೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಸಾಕು.

## ಮೊದಲಿಗೆ

ಮಾಡ್ಯೂಲನ್ನ ಒಂದು ಸಲ ಬಿಲ್ಡ್ ಮಾಡಿಟ್ಟರೆ ಸಾಲದಾ? ಕರ್ನಲ್ ಬದಲಾದಾಗೆಲ್ಲ ಯಾಕೆ ಮತ್ತೆ ಮಾಡಬೇಕು?

ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಂನ ತಿರುಳು, ಬಿಲ್ಡ್ ಎಂದರೆ ಸೋರ್ಸ್ ಕೋಡನ್ನು ಓಡುವ ರೂಪಕ್ಕೆ ತರುವುದು. ಕರ್ನಲ್ ಮಾಡ್ಯೂಲ್ ಎಂದರೆ ಬೇಕಾದಾಗ ಸೇರಿಸಿಕೊಳ್ಳುವ, ಕರ್ನಲ್‌ನದೇ ಒಂದು ತುಂಡು. ಅದು ಕರ್ನಲ್‌ನ ಒಳಗಿನ ಫಂಕ್ಷನ್‌ಗಳನ್ನು ನೇರವಾಗಿ ಕರೆಯುತ್ತದೆ, ಒಳಗಿನ ಸ್ಟ್ರಕ್ಚರ್‌ಗಳನ್ನು ನೇರವಾಗಿ ಮುಟ್ಟುತ್ತದೆ. ಒಂದು ಸ್ಟ್ರಕ್ಚರ್‌ಗೆ ಹೊಸ ಫೀಲ್ಡ್ ಸೇರಿದರೆ ಅದರ ನಂತರದ ಫೀಲ್ಡ್‌ಗಳ ಜಾಗವೆಲ್ಲ ಸರಿಯುತ್ತದೆ. ಹಳೆಯ ಲೆಕ್ಕದಲ್ಲಿ ಬಿಲ್ಡ್ ಆದ ಮಾಡ್ಯೂಲ್ ಆಗ ತಪ್ಪು ಜಾಗದಲ್ಲಿ ಬರೆಯುತ್ತದೆ. ಫೈಲ್‌ಸಿಸ್ಟಂ ವಿಷಯದಲ್ಲಿ ಇದು ಡೇಟಾ ಹಾಳಾಗುವ ದಾರಿ. ಅದಕ್ಕೇ ಪ್ರತಿ ಮಾಡ್ಯೂಲ್ ಒಳಗೂ ಅದು ಯಾವ ಕರ್ನಲ್‌ಗಾಗಿ ಬಿಲ್ಡ್ ಆಗಿದೆ ಎಂಬ ಗುರುತು ಇರುತ್ತದೆ. ಗುರುತು ಹೊಂದದಿದ್ದರೆ ಕರ್ನಲ್ ಅದನ್ನು ಒಳಗೇ ಬಿಡುವುದಿಲ್ಲ.

ಲಿನಕ್ಸ್‌ನಲ್ಲಿ ಹಳೇ ಪ್ರೋಗ್ರಾಮ್‌ಗಳೆಲ್ಲ ಈಗಲೂ ಓಡುತ್ತವೆ ಅಂತಾರೆ. ಹಾಗಿದ್ರೆ ಝಡ್‌ಎಫ್‌ಎಸ್ ಮಾತ್ರ ಯಾಕೆ ಮುರಿಯುತ್ತೆ?

ಲಿನಕ್ಸ್ ಕೊಟ್ಟಿರುವ ಮಾತು ಕರ್ನಲ್ ಹೊರಗೆ ಓಡುವ ಪ್ರೋಗ್ರಾಮ್‌ಗಳಿಗೆ ಮಾತ್ರ. ಸಿಸ್ಟಂ ಕಾಲ್‌ಗಳು ಬದಲಾಗುವುದಿಲ್ಲ. ಒಳಗಿನ ಇಂಟರ್‌ಫೇಸ್‌ಗಳಿಗೆ ಅಂಥ ಯಾವ ಭರವಸೆಯೂ ಇಲ್ಲ, ಮತ್ತು ಇದು ಬೇಕೆಂದೇ ಮಾಡಿದ ತೀರ್ಮಾನ. ಸ್ಥಿರ ಇಂಟರ್‌ಫೇಸ್ ಯಾಕೆ ಕೊಡುವುದಿಲ್ಲ ಎಂದು ವಿವರಿಸುವ ಒಂದು ದಾಖಲೆಯೇ ಕರ್ನಲ್ ಸೋರ್ಸ್ ಜೊತೆ ಬರುತ್ತದೆ. ಹಳೆಯದನ್ನು ಹೊತ್ತುಕೊಂಡು ತಿರುಗಬೇಕಿಲ್ಲದ ಕಾರಣ ಅವರು ವೇಗವಾಗಿ ಸುಧಾರಣೆ ಮಾಡಬಹುದು. ಆ ವಾದದಲ್ಲಿ ಹುರುಳಿದೆ. ಆದರೆ ಅದರ ಖರ್ಚು ಹೊರಗಿನ ಮಾಡ್ಯೂಲ್‌ಗಳ ಮೇಲೆ ಬೀಳುತ್ತದೆ. ಒಂಬತ್ತು ಹತ್ತು ವಾರಕ್ಕೊಂದು ಹೊಸ ಕರ್ನಲ್ ಬರುತ್ತದೆ, ಅಂದರೆ ವರ್ಷಕ್ಕೆ ಐದಾರು ಸಲ ಈ ಖರ್ಚು.

ಫ್ರೀಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂನಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ 2008ರ 7.0 ಆವೃತ್ತಿಯಿಂದಲೇ ಝಡ್‌ಎಫ್‌ಎಸ್ ಸಿಸ್ಟಂ ಜೊತೆಗೇ ಬರುತ್ತದೆ. ಒಂದು ಮುಖ್ಯ ಆವೃತ್ತಿಯ ಒಳಗೆ ಕರ್ನಲ್ ಇಂಟರ್‌ಫೇಸ್‌ಗಳನ್ನು ಸ್ಥಿರವಾಗಿಡುವ ರೂಢಿಯೂ ಅಲ್ಲಿದೆ.

ಬಿಟಿಆರ್‌ಎಫ್‌ಎಸ್‌ಗೆ, ಎಕ್ಸ್‌ಟಿ4ಗೆ ಈ ತಲೆನೋವೇ ಇಲ್ಲವಲ್ಲ. ಝಡ್‌ಎಫ್‌ಎಸ್‌ನೂ ಕರ್ನಲ್ ಒಳಗೇ ಸೇರಿಸಬಾರದಾ?

ಒಳಗಿರುವ ಫೈಲ್‌ಸಿಸ್ಟಂಗಳಿಗೆ ಒಂದು ದೊಡ್ಡ ಅನುಕೂಲ ಇದೆ. ಇಂಟರ್‌ಫೇಸ್ ಬದಲಿಸುವವರೇ ಅದನ್ನು ಬಳಸುವ ಎಲ್ಲ ಕೋಡ್ ತಿದ್ದಿಕೊಡಬೇಕು. ಝಡ್‌ಎಫ್‌ಎಸ್‌ಗೆ ಆ ಬಾಗಿಲು ಮುಚ್ಚಿರುವುದು ಲೈಸೆನ್ಸ್‌ನಿಂದ. ಸನ್ ಮೈಕ್ರೋಸಿಸ್ಟಮ್ಸ್ 2005ರಲ್ಲಿ ಈ ಕೋಡನ್ನು ಸಿಡಿಡಿಎಲ್ ಲೈಸೆನ್ಸ್‌ನಡಿ ಬಿಡುಗಡೆ ಮಾಡಿತು. ಲಿನಕ್ಸ್ ಇರುವುದು ಜಿಪಿಎಲ್ 2ರಡಿ. ಎರಡನ್ನೂ ಒಂದೇ ಕೋಡ್ ಮರದಲ್ಲಿ ಸೇರಿಸಲು ಆಗುವುದಿಲ್ಲ ಎಂದೇ ಕರ್ನಲ್ ಮುಖ್ಯಸ್ಥರು ನೋಡುತ್ತಾರೆ. ಹಾಗಾಗಿ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಬ್ರಯಾನ್ ಬೆಲೆಂಡಾರ್ಫ್ ಸೂಪರ್‌ಕಂಪ್ಯೂಟರ್‌ಗಳ ಲಸ್ಟರ್ ಫೈಲ್‌ಸಿಸ್ಟಂಗಾಗಿ ಲಿನಕ್ಸ್ ಪೋರ್ಟ್ ಶುರು ಮಾಡಿದ ದಿನದಿಂದಲೂ ಅದು ಹೊರಗಿನ ಮಾಡ್ಯೂಲೇ.

ಲೈಸೆನ್ಸ್ ಹೊಂದಿದರೂ ಒಳಗಿನ ಜಾಗ ಶಾಶ್ವತವಲ್ಲ. ಬಿಕ್ಯಾಶ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಂ ಜಿಪಿಎಲ್ ಕೋಡೇ. 2024ರ ಜನವರಿಯಲ್ಲಿ ಬಂದ ಕರ್ನಲ್ 6.7ರಲ್ಲಿ ಒಳಗೆ ಸೇರಿತು, 6.18ರಲ್ಲಿ ಅದನ್ನು ತೆಗೆದರು. ಈಗ ಅದೂ ಹೊರಗಿನಿಂದಲೇ ಬಿಲ್ಡ್ ಆಗಬೇಕು.

ನನ್ನ ಕರ್ನಲ್‌ಗೆ ಸಪೋರ್ಟ್ ಇದೆಯಾ ಅಂತ ಎಲ್ಲಿ ನೋಡೋದು?

ಸೋರ್ಸ್‌ನ ಮೇಲಿನ ಫೋಲ್ಡರ್‌ನಲ್ಲೇ ಮೆಟಾ ಎಂಬ ಚಿಕ್ಕ ಫೈಲ್ ಇದೆ. ಅದರಲ್ಲಿ ಕನಿಷ್ಠ ಮತ್ತು ಗರಿಷ್ಠ ಲಿನಕ್ಸ್ ಆವೃತ್ತಿ ಬರೆದಿರುತ್ತದೆ. ಬಿಡುಗಡೆ ಟಿಪ್ಪಣಿಯಲ್ಲೂ ಅದೇ ಇರುತ್ತದೆ. ಉದಾಹರಣೆಗೆ ಓಪನ್‌ಝಡ್‌ಎಫ್‌ಎಸ್ 2.2.0 ಬಂದಾಗ ಕರ್ನಲ್ 3.10ರಿಂದ 6.5ರವರೆಗೆ, 2.3.0 ಬಂದಾಗ 4.18ರಿಂದ 6.12ರವರೆಗೆ. ಆಮೇಲಿನ ಚಿಕ್ಕ ಬಿಡುಗಡೆಗಳಲ್ಲಿ ಗರಿಷ್ಠ ಮೇಲೇರುತ್ತಾ ಹೋಗುತ್ತದೆ. ಹಾಗಾಗಿ ನಿಮ್ಮ ಹತ್ತಿರ ಇರುವ ಅದೇ ಬಿಡುಗಡೆಯ ಫೈಲ್ ನೋಡಿ. ಬೇರೆ ಬಿಡುಗಡೆಯದು ನೋಡಿದರೆ ಪ್ರಯೋಜನ ಇಲ್ಲ.

## ಸರ್ವರ್ ನೋಡಿಕೊಳ್ಳುವವರಿಗೆ

ಅಪ್‌ಡೇಟ್ ಆಗಿ ರೀಬೂಟ್ ಮಾಡಿದೆ, ಪೂಲ್ ಕಾಣ್ತಾನೇ ಇಲ್ಲ. ಡೇಟಾ ಹೋಯ್ತಾ ಸರ್?

ಹೆಚ್ಚಾಗಿ ಹೋಗಿರುವುದಿಲ್ಲ, ಗಾಬರಿ ಬೇಡ. ಪೂಲ್ ಎಂದರೆ ಝಡ್‌ಎಫ್‌ಎಸ್ ಒಟ್ಟಾಗಿ ನೋಡಿಕೊಳ್ಳುವ ಡಿಸ್ಕ್‌ಗಳ ಗುಂಪು. ಡಿಸ್ಕ್ ಮೇಲಿನದು ಹಾಗೇ ಇದೆ, ಅದನ್ನು ಓದುವ ಮಾಡ್ಯೂಲ್ ಹೊಸ ಕರ್ನಲ್‌ಗೆ ಬಿಲ್ಡ್ ಆಗಿಲ್ಲ ಅಷ್ಟೇ. ಬೂಟ್ ಮೆನುವಿನಲ್ಲಿ ಹಿಂದಿನ ಕರ್ನಲ್ ಆರಿಸಿ. ಪೂಲ್ ಬಂದರೆ ಕಾರಣ ಖಾತ್ರಿಯಾಯಿತು.

ಆಮೇಲೆ, ಹೊಸ ಕರ್ನಲ್ ಬಂದಾಗ ಮಾಡ್ಯೂಲನ್ನು ತಾನೇ ಬಿಲ್ಡ್ ಮಾಡುವ ಡಿಕೆಎಂಎಸ್‌ನ ಸ್ಟೇಟಸ್ ಕಮಾಂಡ್ ಕೊಟ್ಟು ಹೊಸ ಕರ್ನಲ್‌ನ ಸಾಲಿನಲ್ಲಿ ಏನಿದೆ ನೋಡಿ. ಕರ್ನಲ್ ಬಂದು ಅದರ ಹೆಡರ್ ಪ್ಯಾಕೇಜ್ (ಬಿಲ್ಡ್‌ಗೆ ಬೇಕಾದ ಘೋಷಣೆಗಳ ಫೈಲ್‌ಗಳು) ಬಾರದೇ ಇರುವುದು ತುಂಬಾ ಸಾಮಾನ್ಯ. ಹೆಡರ್ ಹಾಕಿ ಮತ್ತೆ ಬಿಲ್ಡ್ ಮಾಡಿದರೆ ಮುಗಿಯಿತು. ಹೆಡರ್ ಇದ್ದೂ ಆಗದಿದ್ದರೆ ಆ ಕರ್ನಲ್ ನಿಮ್ಮ ಬಿಡುಗಡೆಯ ಗರಿಷ್ಠವನ್ನು ದಾಟಿದೆಯೇ ನೋಡಿ.

ರೂಟ್ ಫೈಲ್‌ಸಿಸ್ಟಮ್ಮೇ ಝಡ್‌ಎಫ್‌ಎಸ್ ಮೇಲಿದ್ದರೆ ಜಾಸ್ತಿ ಹುಷಾರಾಗಿರಬೇಕು. ಮಾಡ್ಯೂಲ್ ಇಲ್ಲದ ಇನಿಟ್‌ರಾಮ್‌ಎಫ್‌ಎಸ್‌ನಿಂದ (ಬೂಟ್ ಶುರುವಿನಲ್ಲಿ ಮೆಮೊರಿಗೆ ಬರುವ ಪುಟ್ಟ ಫೈಲ್‌ಸಿಸ್ಟಂ) ಬೂಟ್ ಪೂರ್ತಿ ಆಗುವುದೇ ಇಲ್ಲ. ಅಂಥ ಮೆಷಿನ್‌ನಲ್ಲಿ ಸರಿಯಾಗಿ ಓಡುತ್ತಿದ್ದ ಹಳೆಯ ಕರ್ನಲ್ ಒಂದನ್ನಾದರೂ ಉಳಿಸಿಕೊಂಡೇ ಇರಿ. ಡೆಬಿಯನ್, ಉಬುಂಟುವಿನಲ್ಲಿ ಕರ್ನಲ್ ಪ್ಯಾಕೇಜನ್ನು ಹೋಲ್ಡ್‌ನಲ್ಲಿಡಿ, ಫೆಡೋರಾ ಬಳಗದಲ್ಲಿ ವರ್ಷನ್‌ಲಾಕ್ ಬಳಸಿ. ಮಾಡ್ಯೂಲ್ ಮೊದಲು, ಕರ್ನಲ್ ಆಮೇಲೆ. ಈ ಕ್ರಮ ತಪ್ಪಿಸಬೇಡಿ.

ಮಾಡ್ಯೂಲ್ ಹೊಸದಾಯ್ತು, ಈಗ ಝಡ್‌ಪೂಲ್ ಅಪ್‌ಗ್ರೇಡ್ ಕೊಟ್ಟುಬಿಡಲಾ?

ತಕ್ಷಣ ಬೇಡ. ಅದು ಡಿಸ್ಕ್ ಮೇಲಿನ ಫೀಚರ್‌ಗಳನ್ನು ಚಾಲೂ ಮಾಡುತ್ತದೆ. ಕೆಲವು ಫೀಚರ್ ಬಳಕೆಗೆ ಬಂದ ಮೇಲೆ ಹಳೆಯ ಮಾಡ್ಯೂಲ್‌ಗೆ ಆ ಪೂಲ್ ತೆರೆಯಲು ಬರುವುದಿಲ್ಲ. ಆಗ ಹಳೆಯ ಕರ್ನಲ್‌ಗೆ ಹಿಂತಿರುಗುವ ದಾರಿ ನೀವೇ ಮುಚ್ಚಿಕೊಂಡ ಹಾಗೆ. ಹೊಸ ಕರ್ನಲ್, ಹೊಸ ಮಾಡ್ಯೂಲ್ ಎರಡೂ ಕೆಲವು ವಾರ ತಕರಾರಿಲ್ಲದೆ ಓಡಲಿ. ಫೀಚರ್ ನಿಜಕ್ಕೂ ಬೇಕಿದ್ದರೆ ಆಮೇಲೆ ಕೊಡಿ.

ಡಿಕೆಎಂಎಸ್ ಒಳ್ಳೇದಾ, ಕೆಮಾಡ್ ಪ್ಯಾಕೇಜ್ ಒಳ್ಳೇದಾ?

ಡಿಕೆಎಂಎಸ್ ಎಂದರೆ ಪ್ರತಿ ಕರ್ನಲ್ ಬಂದಾಗಲೂ ನಿಮ್ಮ ಮೆಷಿನ್‌ನಲ್ಲೇ ಸೋರ್ಸ್‌ನಿಂದ ಬಿಲ್ಡ್ ಮಾಡುವ ವ್ಯವಸ್ಥೆ. ಡೆಲ್ ಕಂಪನಿಯವರು ಶುರು ಮಾಡಿದ್ದು. ಎಲ್ಲಿ ಬೇಕಾದರೂ ನಡೆಯುತ್ತದೆ, ಆದರೆ ಕಂಪೈಲರ್, ಹೆಡರ್ ಎಲ್ಲ ಆ ಮೆಷಿನ್‌ನಲ್ಲಿರಬೇಕು. ಕೆಮಾಡ್ ಎಂದರೆ ಮೊದಲೇ ಬಿಲ್ಡ್ ಮಾಡಿಟ್ಟ ಮಾಡ್ಯೂಲ್. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್‌ನಲ್ಲಿ ಆಯ್ದ ಸಿಂಬಲ್‌ಗಳ, ಅಂದರೆ ಮಾಡ್ಯೂಲ್‌ಗಳು ಬಳಸಬಹುದಾದ ಕರ್ನಲ್ ಫಂಕ್ಷನ್ ಹೆಸರುಗಳ ಒಂದು ಪಟ್ಟಿಯನ್ನು ಸ್ಥಿರವಾಗಿ ಇಡುತ್ತಾರೆ. ಹಾಗಾಗಿ ಚಿಕ್ಕಪುಟ್ಟ ಕರ್ನಲ್ ಅಪ್‌ಡೇಟ್‌ಗಳಲ್ಲಿ ಅದೇ ಕೆಮಾಡ್ ಸಾಮಾನ್ಯವಾಗಿ ನಡೆಯುತ್ತದೆ. ಉಬುಂಟು 16.04ರಿಂದ ಕರ್ನಲ್ ಜೊತೆಗೇ ಬಿಲ್ಡ್ ಮಾಡಿಕೊಡುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ರೆಡ್ ಹ್ಯಾಟ್ ಬಳಗದ ಸರ್ವರ್‌ಗೆ ಕೆಮಾಡ್, ಉಬುಂಟುವಿಗೆ ಅದರ ಜೊತೆ ಬಂದದ್ದೇ, ಮಿಕ್ಕ ಕಡೆ ಡಿಕೆಎಂಎಸ್. ಜೊತೆಗೆ 6.6, 6.12ರಂಥ ದೀರ್ಘಾವಧಿ ಕರ್ನಲ್ ಬಳಸಿದರೆ ಅರ್ಧ ತಲೆಬಿಸಿ ಕಡಿಮೆ.

ಬಿಲ್ಡ್ ಸರಿಯಾಗೇ ಆಯ್ತು. ಮಾಡ್‌ಪ್ರೋಬ್ ಕೊಟ್ರೆ ಮಾತ್ರ ತಗೋತಿಲ್ಲ.

ಮಾಡ್‌ಪ್ರೋಬ್ ಎಂದರೆ ಮಾಡ್ಯೂಲನ್ನು ಕರ್ನಲ್‌ಗೆ ಸೇರಿಸುವ ಕಮಾಂಡ್. ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸೇಜ್‌ನ ಕೊನೆಯ ಸಾಲುಗಳನ್ನು ಓದಿ, ಉತ್ತರ ಅಲ್ಲೇ ಇರುತ್ತದೆ. ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್ ಎಂದಿದ್ದರೆ ಬೇರೆ ಕರ್ನಲ್‌ಗೆ ಬಿಲ್ಡ್ ಆಗಿದೆ. ಅನೇಕ ಸಲ ಈಗ ಓಡುತ್ತಿರುವ ಕರ್ನಲ್ ಒಂದು, ಹೆಡರ್ ಇರುವುದು ಇನ್ನೊಂದಕ್ಕೆ. ಸಿಂಬಲ್ ಆವೃತ್ತಿ ಹೊಂದುತ್ತಿಲ್ಲ ಎಂದಿದ್ದರೆ ಹಳೆಯ ಮಾಡ್ಯೂಲ್ ಎಲ್ಲೋ ಉಳಿದುಕೊಂಡಿದೆ. ಕೀ ತಿರಸ್ಕೃತವಾಗಿದೆ ಎಂದಿದ್ದರೆ ಸೆಕ್ಯೂರ್ ಬೂಟ್ ಚಾಲೂ ಇದೆ, ಮಾಡ್ಯೂಲ್‌ಗೆ ಸಹಿ ಮಾಡಿದ ಕೀಲಿಯನ್ನು ಮೆಷಿನ್ ಇನ್ನೂ ಒಪ್ಪಿಲ್ಲ. ಮೋಕ್‌ಯುಟಿಲ್‌ನಿಂದ ಆ ಕೀಲಿ ಸೇರಿಸಿ, ರೀಬೂಟ್ ಆಗುವಾಗ ಬರುವ ನೀಲಿ ಪರದೆಯಲ್ಲಿ ಒಪ್ಪಿಗೆ ಕೊಡಬೇಕು.

## ಕೋಡ್ ಬರೆಯುವವರಿಗೆ

ಕರ್ನಲ್ ವರ್ಷನ್ ನಂಬರ್ ನೋಡಿ ಒಂದು ಇಫ್ ಹಾಕಿದ್ರೆ ಆಯ್ತಲ್ಲ? ಇಷ್ಟೊಂದು ಟೆಸ್ಟ್ ಯಾಕೆ?

ಇದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಚಿಕ್ಕ ಡ್ರೈವರ್‌ಗೆ ನಡೆದೀತು. ಉಬುಂಟು, ಫೆಡೋರಾದಂಥ ಎಲ್ಲ ಡಿಸ್ಟ್ರೋಗಳಲ್ಲಿ ಓಡಬೇಕಾದ ಫೈಲ್‌ಸಿಸ್ಟಂಗೆ ನಡೆಯುವುದಿಲ್ಲ. ಕರ್ನಲ್‌ನ ನಂಬರ್ ಒಳಗಿರುವುದನ್ನು ಸರಿಯಾಗಿ ಹೇಳುವುದೇ ಇಲ್ಲ.

ರೆಡ್ ಹ್ಯಾಟ್ 8ರ ಕರ್ನಲ್ ಹೆಸರಿಗೆ 4.18. ಆದರೆ ಹೊಸ ಕರ್ನಲ್‌ಗಳಿಂದ ತಂದು ಸೇರಿಸಿದ ಬದಲಾವಣೆಗಳು ಅದರಲ್ಲಿ ರಾಶಿ ರಾಶಿ ಇವೆ. ಅಸಲಿ 4.18ರಲ್ಲಿ ಇಲ್ಲದ ಇಂಟರ್‌ಫೇಸ್‌ಗಳು ಅದರಲ್ಲಿ ಸಿಗುತ್ತವೆ. ನಂಬರ್ ನೋಡಿ ತೀರ್ಮಾನಿಸಿದ ಕೋಡ್ ಅಲ್ಲಿ ತಪ್ಪು ದಾರಿ ಹಿಡಿಯುತ್ತದೆ. ಬಿಡುಗಡೆಯಾದ ಆವೃತ್ತಿಗೆ ತಿದ್ದುಪಡಿ ಕೊಡುತ್ತಾ ಹೋಗುವ ಸ್ಟೇಬಲ್ ಸಾಲುಗಳೂ ಹಾಗೇ. 5.0ರಲ್ಲಿ ಬಂದ ಒಂದು ಬದಲಾವಣೆ ಆಮೇಲೆ 4.14 ಮತ್ತು 4.19ರ ಚಿಕ್ಕ ಬಿಡುಗಡೆಗಳಿಗೂ ಬಂದ ಕಥೆ ಮುಂದೆ ಇದೆ.

ಹಾಗಾಗಿ ಕೇಳಬೇಕಾದ ಪ್ರಶ್ನೆ, ಈ ಫಂಕ್ಷನ್ ಇಲ್ಲಿ ಈ ರೂಪದಲ್ಲಿ ಇದೆಯೇ ಎಂಬುದು. ನಂಬರ್ ಎಷ್ಟು ಎಂದಲ್ಲ. ಈ ಒಂದು ನಿಯಮ ಬಿಡದಿದ್ದರೆ ಮಿಕ್ಕದ್ದೆಲ್ಲ ಸಲೀಸು.

ಕಾನ್ಫಿಗರ್ ಓಡುವಾಗ ಚೆಕಿಂಗ್ ಚೆಕಿಂಗ್ ಅಂತ ಬರುತ್ತಲ್ಲ, ಅಲ್ಲಿ ನಿಜವಾಗಿ ಏನು ನಡೀತಿದೆ?

ಕಾನ್ಫಿಗರ್ ಎಂದರೆ ಬಿಲ್ಡ್‌ಗೆ ಮೊದಲು ಕರ್ನಲ್‌ನಲ್ಲಿ ಏನೇನಿದೆ ಎಂದು ಪರೀಕ್ಷಿಸುವ ಸ್ಕ್ರಿಪ್ಟ್. ಪ್ರತಿ ಸಾಲಿಗೂ ಒಂದು ಪುಟ್ಟ ಕರ್ನಲ್ ಮಾಡ್ಯೂಲ್ ಬಿಲ್ಡ್ ಆಗುತ್ತಿದೆ. ಡೈರೆಕ್ಟರಿ ಮಾಡುವ ಎಂಕೆಡಿರ್‌ನ ಟೆಸ್ಟನ್ನೇ ನೋಡಿ. ಅದರಲ್ಲಿ ಕರ್ನಲ್‌ನ ಫೈಲ್‌ಸಿಸ್ಟಂ ಹೆಡರ್ ಸೇರಿಸಿ, ನಾವು ಊಹಿಸಿದ ರೂಪದಲ್ಲಿ ಒಂದು ಖಾಲಿ ಫಂಕ್ಷನ್ ಬರೆದು, ಅದನ್ನು ಐನೋಡ್ ಆಪರೇಷನ್ಸ್ ಸ್ಟ್ರಕ್ಚರ್‌ನ ಎಂಕೆಡಿರ್ ಫೀಲ್ಡ್‌ಗೆ ಹಾಕುತ್ತೇವೆ. ಕಂಪೈಲ್ ಆದರೆ ಊಹೆ ಸರಿ. ಆಗ ಕಾನ್ಫಿಗ್ ಹೆಡರ್‌ನಲ್ಲಿ ಹ್ಯಾವ್ ಎಂದು ಶುರುವಾಗುವ ಒಂದು ಮ್ಯಾಕ್ರೋ ಸೇರುತ್ತದೆ. ಆಗದಿದ್ದರೆ ಮುಂದಿನ ರೂಪ.

ಮಾಡ್ಯೂಲ್ ಯಾವ ಕರ್ನಲ್‌ಗೋ ಆ ಕರ್ನಲ್‌ನದೇ ಬಿಲ್ಡ್ ವ್ಯವಸ್ಥೆ, ಅದೇ ಕಂಪೈಲರ್ ಫ್ಲ್ಯಾಗ್‌ಗಳು ಇಲ್ಲೂ ಬಳಕೆಯಾಗುತ್ತವೆ. ಅದೇ ಇದರ ಶಕ್ತಿ. ಮೊದಲು ಈ ಟೆಸ್ಟ್‌ಗಳು ಒಂದಾದ ಮೇಲೊಂದು ನಡೆದು ತುಂಬಾ ಹೊತ್ತು ಹಿಡಿಯುತ್ತಿತ್ತು. 2019ರಲ್ಲಿ ಎಲ್ಲವನ್ನೂ ಒಟ್ಟಿಗೆ ಸಮಾನಾಂತರವಾಗಿ ಬಿಲ್ಡ್ ಮಾಡಿ, ಆಮೇಲೆ ಫಲಿತಾಂಶ ಮಾತ್ರ ಓದುವ ಹಾಗೆ ಬದಲಿಸಿದರು. ಡಿಕೆಎಂಎಸ್ ಬಳಸುವವರಿಗೆ ಅದರಿಂದ ದೊಡ್ಡ ಉಪಕಾರವಾಯಿತು.

ಕರ್ನಲ್‌ನಲ್ಲಿ ನಿಜವಾಗಿ ಅಷ್ಟೊಂದು ಬದಲಾಗುತ್ತಾ? ಒಂದು ಉದಾಹರಣೆ ಕೊಡಿ ನೋಡೋಣ.

ಅದೇ ಎಂಕೆಡಿರ್ ತೆಗೆದುಕೊಳ್ಳೋಣ. ಹೊಸ ಡೈರೆಕ್ಟರಿ ಮಾಡುವ ಫಂಕ್ಷನ್, ಇದಕ್ಕಿಂತ ಸರಳವಾದದ್ದು ಇನ್ನೇನಿದೆ? 5.11ರವರೆಗೆ ಅದಕ್ಕೆ ಮೂರು ಆರ್ಗ್ಯುಮೆಂಟ್: ತಾಯಿ ಡೈರೆಕ್ಟರಿಯ ಐನೋಡ್ (ಫೈಲ್‌ನ ವಿವರ ಇರುವ ದಾಖಲೆ), ಹೊಸ ಹೆಸರಿನ ಡೆಂಟ್ರಿ (ಹೆಸರನ್ನು ಐನೋಡ್‌ಗೆ ಜೋಡಿಸುವ ದಾಖಲೆ), ಅನುಮತಿ ಬಿಟ್‌ಗಳು. 5.12ರಲ್ಲಿ ಐಡಿ ಮ್ಯಾಪ್ ಮಾಡಿದ ಮೌಂಟ್‌ಗಳು (ಫೈಲ್ ಮಾಲೀಕರ ಐಡಿಯನ್ನು ಮೌಂಟ್‌ಗೆ ತಕ್ಕಂತೆ ಬದಲಿಸಿ ತೋರಿಸುವ ಸೌಲಭ್ಯ) ಬಂದವು, ಮೊದಲ ಆರ್ಗ್ಯುಮೆಂಟ್ ಆಗಿ ಯೂಸರ್ ನೇಮ್‌ಸ್ಪೇಸ್ ಸೇರಿತು. 6.3ರಲ್ಲಿ ಅದನ್ನು ತೆಗೆದು ಮೌಂಟ್ ಐಡಿಮ್ಯಾಪ್ ಎಂಬ ಬೇರೆ ಟೈಪ್ ಇಟ್ಟರು. 6.15ರಲ್ಲಿ ಫಂಕ್ಷನ್ ಹಿಂತಿರುಗಿಸುವುದೇ ಬದಲಾಯಿತು. ಅಲ್ಲಿಯವರೆಗೆ ಒಂದು ಅಂಕಿ ಬರುತ್ತಿತ್ತು, ಈಗ ಡೆಂಟ್ರಿ ಪಾಯಿಂಟರ್ ಬರಬೇಕು. ಎಲ್ಲ ಸರಿ ಇದ್ದರೆ ನಲ್, ತಪ್ಪಾದರೆ ಎರರ್ ಅಂಕಿಯನ್ನು ಪಾಯಿಂಟರ್ ಒಳಗೆ ತುಂಬಿ ಕೊಡಬೇಕು. 4.18ರಿಂದ ಇತ್ತೀಚಿನವರೆಗೆ ಎಲ್ಲ ಕರ್ನಲ್‌ಗೂ ಒಂದೇ ಸೋರ್ಸ್ ಬೇಕೆಂದರೆ ಈ ಒಂದೇ ಫಂಕ್ಷನ್‌ಗೆ ನಾಲ್ಕು ರೂಪ. ಕ್ರಿಯೇಟ್, ರೀನೇಮ್, ಸಿಮ್‌ಲಿಂಕ್, ಸೆಟ್‌ಆಟ್ರ್ ಎಲ್ಲಕ್ಕೂ ಇಂಥದ್ದೇ ಪಾಡು, 6.15ರ ಬದಲಾವಣೆ ಒಂದು ಬಿಟ್ಟು.

ಡಿಸ್ಕ್ ತೆರೆಯುವ ಕಡೆ ಬದಲಾವಣೆ ಇನ್ನೂ ಬಿರುಸು. 6.5, 6.8, 6.9 ಮೂರರಲ್ಲೂ ಬ್ಲಾಕ್ ಡಿವೈಸ್ ತೆರೆಯುವ ರೀತಿ ಬೇರೆ ಬೇರೆ. ಕೆಲವು ಬದಲಾವಣೆ ಹೋದ ದಾರಿಯಲ್ಲೇ ಹಿಂದೆ ಬರುವುದೂ ಉಂಟು. ಡಿಸ್ಕ್ ಓದು ಬರಹದ ಕೋರಿಕೆ ಹೊರುವ ಬಯೋ ಸ್ಟ್ರಕ್ಚರ್‌ನಲ್ಲಿದ್ದ ಬ್ಲಾಕ್ ಡಿವೈಸ್ ಪಾಯಿಂಟರನ್ನು 4.14ರಲ್ಲಿ ತೆಗೆದರು, 5.12ರಲ್ಲಿ ಮತ್ತೆ ತಂದರು. ಇಂಥ ಕಡೆ ಹಳೆಯ ಟೆಸ್ಟನ್ನು ಅವಸರದಲ್ಲಿ ಅಳಿಸದೇ ಇದ್ದದ್ದು ಒಳ್ಳೆಯದೇ ಆಯಿತು.

ಹೀಗೆ ಇಫ್‌ಡೆಫ್ ಹಾಕ್ತಾ ಹೋದ್ರೆ ಕೋಡ್ ಓದೋಕೇ ಆಗಲ್ಲ ಅಲ್ವಾ?

ಇಫ್‌ಡೆಫ್, ಅಂದರೆ ಷರತ್ತಿಗೆ ತಕ್ಕಂತೆ ಕೋಡ್ ಸೇರಿಸುವ ಅಥವಾ ಬಿಡುವ ಸಾಲು, ಎಲ್ಲೆಂದರಲ್ಲಿ ಹಾಕಿದರೆ ಖಂಡಿತ ಆಗುವುದಿಲ್ಲ. ಅದಕ್ಕೇ ಅವುಗಳಿಗೆ ಒಂದು ಜಾಗ ಗೊತ್ತು ಮಾಡಿದ್ದಾರೆ. ಝಡ್‌ಎಫ್‌ಎಸ್‌ನ ತಿರುಳು, ಅಂದರೆ ಬ್ಲಾಕ್ ಹಂಚುವುದು, ಚೆಕ್‌ಸಮ್, ರೇಡ್-ಝಡ್, ಸ್ನ್ಯಾಪ್‌ಶಾಟ್ ಇವೆಲ್ಲ ಲಿನಕ್ಸ್‌ಗೂ ಫ್ರೀಬಿಎಸ್‌ಡಿಗೂ ಒಂದೇ ಕೋಡ್. 2020ರ ಕೊನೆಯಲ್ಲಿ ಬಂದ 2.0ದಲ್ಲಿ ಎರಡೂ ಒಂದಾದವು. ಲಿನಕ್ಸ್‌ಗೆ ಸೇರಿದ್ದು ಪ್ರತ್ಯೇಕ ಫೋಲ್ಡರ್‌ನಲ್ಲಿದೆ. ಕರ್ನಲ್ ನಡುವಿನ ವ್ಯತ್ಯಾಸಗಳು ಅದರಲ್ಲೂ ಹೆಚ್ಚಾಗಿ ಕಂಪ್ಯಾಟ್ ಎಂದು ಹೆಸರಿರುವ ಹೆಡರ್‌ಗಳಲ್ಲಿವೆ.

ಐಡಿಮ್ಯಾಪ್ ವಿಷಯದಲ್ಲಿ ಇದನ್ನು ಚೆನ್ನಾಗಿ ಮಾಡಿದ್ದಾರೆ. ಝಡ್‌ಐಡಿಮ್ಯಾಪ್ ಎಂಬ ತಮ್ಮದೇ ಟೈಪ್ ಇಟ್ಟುಕೊಂಡು, ಹಳೆಯ ಕರ್ನಲ್‌ನಲ್ಲಿ ಅದು ಯೂಸರ್ ನೇಮ್‌ಸ್ಪೇಸ್, ಹೊಸದರಲ್ಲಿ ಮೌಂಟ್ ಐಡಿಮ್ಯಾಪ್ ಎಂದು ಒಂದೇ ಕಡೆ ಹೇಳಿದ್ದಾರೆ. ಒಳಗಿನ ಕೋಡ್‌ಗೆ ಕಾಣುವುದು ಒಂದೇ ಟೈಪ್. ನೀವು ಬೇರೆ ಯಾವ ಫೈಲ್‌ಸಿಸ್ಟಂ ಮಾಡ್ಯೂಲ್ ಬರೆಯುತ್ತಿದ್ದರೂ ಇದನ್ನೇ ಅನುಸರಿಸಿ. ಹೊಸ ಕರ್ನಲ್‌ನ ರೂಪವನ್ನೇ ಮೂಲ ಎಂದಿಟ್ಟುಕೊಂಡು ಹಳೆಯದನ್ನು ಅದಕ್ಕೆ ಹೊಂದಿಸಿದರೆ, ಮುಂದೆ ಹಳೆಯದನ್ನು ಬಿಡುವ ದಿನ ಬರೀ ಅಳಿಸುವ ಕೆಲಸ ಉಳಿಯುತ್ತದೆ.

ಫಂಕ್ಷನ್ ಕರ್ನಲ್‌ನಲ್ಲಿ ಇದೆ, ಕಣ್ಣಾರೆ ನೋಡಿದೀನಿ. ಆದ್ರೂ ಟೆಸ್ಟ್ ಇಲ್ಲ ಅಂತಿದೆ!

ಕಂಪೈಲ್ ಆಗಲಿಲ್ಲ ಎಂದರೆ ಫಂಕ್ಷನ್ ಇಲ್ಲ ಎಂದೇ ಟೆಸ್ಟ್ ತಿಳಿಯುತ್ತದೆ. ಆದರೆ ಕಂಪೈಲ್ ಕೆಡಲು ಬೇರೆ ಕಾರಣಗಳೂ ಇರುತ್ತವೆ. ಆ ಫಂಕ್ಷನ್ ಬೇರೆ ಹೆಡರ್‌ಗೆ ಹೋಗಿರಬಹುದು. ಟೆಸ್ಟ್‌ನಲ್ಲಿರುವ ಸಂಬಂಧವಿಲ್ಲದ ಸಾಲಿಗೆ ಹೊಸ ಕಂಪೈಲರ್ ತಕರಾರು ತೆಗೆದಿರಬಹುದು. ಹೊಂದದ ಪಾಯಿಂಟರ್ ಟೈಪ್‌ಗಳನ್ನು ಜಿಸಿಸಿ 14 ಎಚ್ಚರಿಕೆ ಬದಲು ನೇರ ಎರರ್ ಮಾಡಿತು. ಕ್ಲ್ಯಾಂಗ್‌ನಿಂದ ಬಿಲ್ಡ್ ಆದ ಕರ್ನಲ್‌ಗೆ ಜಿಸಿಸಿ ಬಳಸಿದರೆ ಫ್ಲ್ಯಾಗ್‌ಗಳೇ ಹೊಂದುವುದಿಲ್ಲ.

ಕಾನ್ಫಿಗರ್ ಓಡಿದ ಮೇಲೆ ಬಿಲ್ಡ್ ಫೋಲ್ಡರ್‌ನಲ್ಲಿ ಆ ಪುಟ್ಟ ಮಾಡ್ಯೂಲ್‌ಗಳೂ ಅವುಗಳ ಲಾಗ್‌ಗಳೂ ಉಳಿದಿರುತ್ತವೆ. ನಿಮ್ಮ ಟೆಸ್ಟ್‌ನ ಎರರ್ ಸಾಲನ್ನು ಅಲ್ಲಿ ಓದಿ. ಸುಮ್ನೆ ಊಹಿಸುತ್ತಾ ಕೂರಬೇಡಿ. ಹೊಸ ಟೆಸ್ಟ್ ಬರೆಯುವಾಗ ಗೊತ್ತಿರುವ ಯಾವ ರೂಪವೂ ಹೊಂದದಿದ್ದರೆ ಕಾನ್ಫಿಗರ್ ಅಲ್ಲೇ ನಿಲ್ಲುವಂತೆ ಮಾಡಿ. ಕೊನೆಯ ರೂಪವನ್ನೇ ಹಿಡಿದು ಮುಂದೆ ಹೋಗುವುದಕ್ಕಿಂತ ನಿಲ್ಲುವುದು ಎಷ್ಟೋ ಮೇಲು.

## ಇನ್ನೂ ಆಳಕ್ಕೆ

ಜಿಪಿಎಲ್-ಓನ್ಲಿ ಸಿಂಬಲ್ ಬಳಸಿದೆ ಅಂತ ಮಾಡ್‌ಪೋಸ್ಟ್ ಬೈಯುತ್ತೆ. ಏನು ಮಾಡೋದು?

ಮಾಡ್‌ಪೋಸ್ಟ್ ಎಂದರೆ ಬಿಲ್ಡ್‌ನ ಕೊನೆಯಲ್ಲಿ ಸಿಂಬಲ್‌ಗಳನ್ನು ಪರೀಕ್ಷಿಸುವ ಸಾಧನ. ಕರ್ನಲ್ ಕೆಲವು ಫಂಕ್ಷನ್‌ಗಳನ್ನು ಜಿಪಿಎಲ್ ಎಂದು ಘೋಷಿಸಿಕೊಂಡ ಮಾಡ್ಯೂಲ್‌ಗಳಿಗೆ ಮಾತ್ರ ಕೊಡುತ್ತದೆ. ಝಡ್‌ಎಫ್‌ಎಸ್ ತನ್ನ ಲೈಸೆನ್ಸ್ ಸಿಡಿಡಿಎಲ್ ಎಂದೇ ಹೇಳುತ್ತದೆ. ಹಾಗಾಗಿ ಅವು ಸಿಗುವುದಿಲ್ಲ. ಮಾಡ್ಯೂಲ್‌ನ ಲೈಸೆನ್ಸ್ ಸಾಲನ್ನು ಜಿಪಿಎಲ್ ಎಂದು ಬದಲಿಸಿದರೆ ಬಿಲ್ಡ್ ಆಗುತ್ತದೆ ಎಂದು ಕೆಲವರು ಸಲಹೆ ಕೊಡುತ್ತಾರೆ. ಅದನ್ನು ಮಾಡಬೇಡಿ. ನಿಮ್ಮದಲ್ಲದ ಕೋಡ್ ಬಗ್ಗೆ ಸುಳ್ಳು ಹೇಳಿದಂತಾಗುತ್ತದೆ.

ಇದರಲ್ಲಿ ಎಲ್ಲರ ನೆನಪಿನಲ್ಲಿ ಉಳಿದದ್ದು 5.0ರ ಪ್ರಕರಣ. ಕರ್ನಲ್ ಒಳಗೆ ಎಸ್‌ಎಸ್‌ಇ, ಎವಿಎಕ್ಸ್‌ನಂಥ ವೆಕ್ಟರ್ ಸೂಚನೆಗಳನ್ನು (ಒಂದೇ ಸಲಕ್ಕೆ ಹಲವು ಅಂಕಿಗಳ ಮೇಲೆ ಕೆಲಸ ಮಾಡುವಂಥವು) ಬಳಸುವ ಮೊದಲು ಸಿಪಿಯುವಿನ ಎಫ್‌ಪಿಯು ರಿಜಿಸ್ಟರ್‌ಗಳನ್ನು ಜೋಪಾನ ಮಾಡಬೇಕು. ಅದಕ್ಕೆ ಎಲ್ಲ ಮಾಡ್ಯೂಲ್‌ಗಳಿಗೂ ಸಿಗುತ್ತಿದ್ದ ಫಂಕ್ಷನ್ 5.0ರಲ್ಲಿ ಹೊರಗೆ ಸಿಗದಂತಾಯಿತು, ಉಳಿದದ್ದು ಜಿಪಿಎಲ್-ಓನ್ಲಿ. ಅದೇ ಬದಲಾವಣೆ 4.14, 4.19ರ ಸ್ಟೇಬಲ್ ಸಾಲುಗಳಿಗೂ ಬಂತು. ಝಡ್‌ಎಫ್‌ಎಸ್‌ನ ಚೆಕ್‌ಸಮ್, ರೇಡ್-ಝಡ್ ಪ್ಯಾರಿಟಿ, ಎನ್‌ಕ್ರಿಪ್ಷನ್ ಮೂರೂ ಈ ಸೂಚನೆಗಳ ಮೇಲೇ ನಿಂತಿದ್ದವು. ಬಿಲ್ಡ್ ಉಳಿಸಿಕೊಳ್ಳಲು ಮೊದಲು ಅವುಗಳನ್ನು ಬಿಟ್ಟು ಸಾದಾ ಕೋಡ್ ಬಳಸಿದರು. ಮಾಡ್ಯೂಲ್ ಓಡಿತು, ಆದರೆ ನಿಧಾನವಾಯಿತು. ಆಮೇಲೆ ರಿಜಿಸ್ಟರ್‌ಗಳನ್ನು ಉಳಿಸಿ ಮರಳಿಸುವ ಕೋಡನ್ನು ಮಾಡ್ಯೂಲ್ ಒಳಗೇ ಬರೆದರು, ಪ್ರತಿ ಸಿಪಿಯುಗೂ ಒಂದು ಜಾಗ ಇಟ್ಟು. ಹೊಸ ಸಿಂಬಲ್ ಬಾಗಿಲು ಮುಚ್ಚಿದಾಗ ಇಂದಿಗೂ ಇದೇ ಕ್ರಮ. ಮೊದಲು ನಿಧಾನವಾದರೂ ಸರಿಯಾದ ದಾರಿ, ಆಮೇಲೆ ಸ್ವಂತದ್ದು. ನಿಮ್ಮ ಕಾನ್ಫಿಗರ್ ಟೆಸ್ಟ್ ಕೂಡ ಅಸಲಿ ಲೈಸೆನ್ಸ್ ಹೆಸರಿನಲ್ಲೇ ಓಡಬೇಕು. ಇಲ್ಲದಿದ್ದರೆ ಟೆಸ್ಟ್ ಇದೆ ಎನ್ನುತ್ತದೆ, ಕೊನೆಯ ಲಿಂಕ್ ಹಂತದಲ್ಲಿ ಮಾಡ್‌ಪೋಸ್ಟ್ ಇಲ್ಲ ಎನ್ನುತ್ತದೆ.

ಒಂದೂ ವಾರ್ನಿಂಗ್ ಇಲ್ಲದೆ ಬಿಲ್ಡ್ ಆಯ್ತು. ಅಂದ್ರೆ ಹೊಸ ಕರ್ನಲ್‌ಗೆ ರೆಡಿ ಅಂತಾನಾ?

ಅಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಇರುವುದು ಇಲ್ಲೇ. ರೂಪ ಬದಲಾದರೆ ಕಂಪೈಲರ್ ಕೂಗಿ ಹೇಳುತ್ತದೆ. ನಡವಳಿಕೆ ಬದಲಾದರೆ ಯಾರೂ ಹೇಳುವುದಿಲ್ಲ.

5.14ರಲ್ಲಿ ಆದದ್ದು ನೋಡಿ. ಮೆಮೊರಿಗೆ ಮ್ಯಾಪ್ ಮಾಡಿದ ಫೈಲ್‌ನ ಪುಟ ಬದಲಾದಾಗ ಕರ್ನಲ್ ಸೆಟ್ ಪೇಜ್ ಡರ್ಟಿ ಎಂಬ ಆಪರೇಷನ್ ಕರೆಯುತ್ತದೆ. ಫೈಲ್‌ಸಿಸ್ಟಂ ಅದನ್ನು ಖಾಲಿ ಬಿಟ್ಟಿದ್ದರೆ ಮೊದಲು ಕರ್ನಲ್ ತನ್ನದೇ ಒಂದನ್ನು ಬಳಸುತ್ತಿತ್ತು. 5.14ರಲ್ಲಿ ಆ ಅನುಕೂಲ ತೆಗೆದರು, ಪ್ರತಿ ಫೈಲ್‌ಸಿಸ್ಟಂ ತಾನೇ ತುಂಬಬೇಕು ಎಂದರು. ಫಂಕ್ಷನ್‌ನ ರೂಪ ಒಂದಿನಿತೂ ಬದಲಾಗಲಿಲ್ಲ. ಫೀಲ್ಡ್ ತುಂಬದ ಹಳೆಯ ಕೋಡ್ ಸೊಗಸಾಗಿ ಬಿಲ್ಡ್ ಆಗುತ್ತದೆ, ಲೋಡ್ ಆಗುತ್ತದೆ, ಪೂಲ್ ಕೂಡ ತೆರೆಯುತ್ತದೆ. ಯಾವುದೋ ಪ್ರೋಗ್ರಾಂ ಎಂಮ್ಯಾಪ್ ಮಾಡಿ ಬರೆದ ಕ್ಷಣ ನಲ್ ಪಾಯಿಂಟರ್. ಝಡ್‌ಎಫ್‌ಎಸ್‌ನಲ್ಲಿ ಅದನ್ನು ಗಮನಿಸಿ, ಆ ಫೀಲ್ಡನ್ನು ಎದ್ದು ಕಾಣುವಂತೆ ತುಂಬಿದರು.

ಹಾಗಾಗಿ ಬಿಲ್ಡ್ ಆದ ಮೇಲೆ ಝಡ್‌ಎಫ್‌ಎಸ್ ಟೆಸ್ಟ್ ಸೂಟ್ ಪೂರ್ತಿ ಓಡಲೇಬೇಕು, ವರ್ಚುವಲ್ ಮೆಷಿನ್‌ನಲ್ಲಿ, ಅದೇ ಕರ್ನಲ್ ಮೇಲೆ. ಡೀಬಗ್ ಆಯ್ಕೆಗಳನ್ನು ಚಾಲೂ ಮಾಡಿದ ಕರ್ನಲ್ ಆದರೆ ಇನ್ನೂ ಒಳ್ಳೆಯದು. ಮೆಟಾ ಫೈಲ್‌ನ ಗರಿಷ್ಠ ಅಂಕಿ ಏರಿಸುವುದು ಆಮೇಲಿನ ಮಾತು. ಇತ್ತೀಚಿನ ಆವೃತ್ತಿಗಳಲ್ಲಿ ಆ ಅಂಕಿ ದಾಟಿದ ಕರ್ನಲ್ ಸಿಕ್ಕರೆ ಕಾನ್ಫಿಗರ್ ನಿಲ್ಲುವುದೂ ಇದಕ್ಕೇ. ಪ್ರಯೋಗಕ್ಕೆ ಎಂದು ಒಂದು ಆಯ್ಕೆ ಕೊಟ್ಟು ದಾಟಬಹುದು. ಮನೆಮಂದಿಯ ಫೋಟೋ, ಆಫೀಸಿನ ಲೆಕ್ಕಪತ್ರ ಇರುವ ಪೂಲ್ ಮೇಲೆ ಆ ಆಯ್ಕೆ ಬಳಸಬೇಡಿ.

ಹಳೇ ಕರ್ನಲ್‌ಗಳನ್ನ ಎಷ್ಟು ದಿನ ಅಂತ ಹೊರೋದು? ಯಾವಾಗ ಕೈಬಿಡಬಹುದು?

ಯಾರಾದರೂ ನಿಜವಾಗಿ ಬಳಸುತ್ತಿರುವ ಡಿಸ್ಟ್ರೋ ಆ ಕರ್ನಲ್ ಮೇಲೆ ಇರುವವರೆಗೆ. ರೆಡ್ ಹ್ಯಾಟ್ 7ರ ಕರ್ನಲ್ 3.10. ಅದರ ಸಾಮಾನ್ಯ ಬೆಂಬಲ 2024ರ ಜೂನ್ 30ಕ್ಕೆ ಮುಗಿಯಿತು. ಅದರ ನಂತರದ ದೊಡ್ಡ ಬಿಡುಗಡೆ 2.3ರಲ್ಲಿ ಕನಿಷ್ಠ 4.18ಕ್ಕೆ ಏರಿತು, ಅದು ರೆಡ್ ಹ್ಯಾಟ್ 8ರ ಕರ್ನಲ್. ಆಗ ರಾಶಿಗಟ್ಟಲೆ ಟೆಸ್ಟ್‌ಗಳನ್ನೂ ಕಂಪ್ಯಾಟ್ ಕೋಡನ್ನೂ ಅಳಿಸಿದರು. ದೊಡ್ಡ ಬಿಡುಗಡೆಯಲ್ಲಿ ಮಾತ್ರ ಬಿಡುವುದು, ಹಳೆಯ ಸಾಲಿಗೆ ಇನ್ನೂ ಸ್ವಲ್ಪ ಕಾಲ ತಿದ್ದುಪಡಿ ಕೊಡುವುದು, ಬಳಸುವವರಿಗೂ ಬರೆಯುವವರಿಗೂ ಇದೇ ನ್ಯಾಯ.

ಹೊಸ ಕರ್ನಲ್‌ಗೆ ಪ್ಯಾಚ್ ಬರೆಯೋಕೆ ನಾನೂ ಕೈ ಜೋಡಿಸಬೇಕು ಅಂತಿದೀನಿ. ಎಲ್ಲಿಂದ ಶುರು ಮಾಡಲಿ?

ಹೊಸ ಕರ್ನಲ್‌ನ ಆರ್‌ಸಿ1, ಅಂದರೆ ಮೊದಲ ಪರೀಕ್ಷಾ ಬಿಡುಗಡೆ ಬಂದ ದಿನದಿಂದ. ಅದಕ್ಕೂ ಮೊದಲು ಹೊಸ ಬದಲಾವಣೆ ಸೇರಿಸಿಕೊಳ್ಳುವ ಎರಡು ವಾರದ ಮರ್ಜ್ ವಿಂಡೋದಲ್ಲೇ ಇಂಟರ್‌ಫೇಸ್ ಬದಲಾವಣೆಗಳು ಹೆಚ್ಚುಕಡಿಮೆ ಎಲ್ಲ ಬಂದುಬಿಡುತ್ತವೆ. ಅಲ್ಲಿಂದ ಕೊನೆಯ ಬಿಡುಗಡೆಗೆ ಆರೇಳು ವಾರ ಸಿಗುತ್ತದೆ. ವರ್ಚುವಲ್ ಮೆಷಿನ್‌ನಲ್ಲಿ ಆರ್‌ಸಿ1 ಹಾಕಿ, ಝಡ್‌ಎಫ್‌ಎಸ್‌ನ ಮಾಸ್ಟರ್ ಶಾಖೆಯನ್ನು ಬಿಲ್ಡ್ ಮಾಡಿ ನೋಡಿ. ಮೊದಲ ಎರರ್ ಹಿಡಿಯಿರಿ. ಕರ್ನಲ್‌ನ ಗಿಟ್ ಇತಿಹಾಸದಲ್ಲಿ ಆ ಫಂಕ್ಷನ್ ಬದಲಿಸಿದ ಕಮಿಟ್ ಹುಡುಕಿ, ಅದರ ವಿವರಣೆ ಪೂರ್ತಿ ಓದಿ. ಏನು ಬದಲಾಯಿತು ಎಂಬುದಕ್ಕಿಂತ ಯಾಕೆ ಬದಲಾಯಿತು ಎಂಬುದು ಮುಖ್ಯ, ನಡವಳಿಕೆಯ ಬದಲಾವಣೆ ಸಿಕ್ಕಿಬೀಳುವುದು ಅಲ್ಲೇ.

ಆಮೇಲೆ ಒಂದು ಟೆಸ್ಟ್, ಅದಕ್ಕೆ ತಕ್ಕ ಕಂಪ್ಯಾಟ್ ಕೋಡ್, ಒಂದು ಕಮಿಟ್. ಲಿನಕ್ಸ್ 6.9 ಕಂಪ್ಯಾಟ್ ಎಂಬಂತೆ ಆವೃತ್ತಿಯಿಂದ ಶುರುವಾಗುವ ಶೀರ್ಷಿಕೆ ಕೊಡುವುದು ಅಲ್ಲಿನ ರೂಢಿ. ಕರ್ನಲ್‌ನ ಯಾವ ಕಮಿಟ್‌ನಿಂದ ಹೀಗಾಯಿತು ಎಂದು ಅದರಲ್ಲಿ ಬರೆಯಿರಿ. ಕಳಿಸುವ ಮೊದಲು ರೆಡ್ ಹ್ಯಾಟ್ 8 ಬಳಗದ ಒಂದು ಮೆಷಿನ್‌ನಲ್ಲೂ ಬಿಲ್ಡ್ ಮಾಡಿ ನೋಡಿ. ಹೊಸದಕ್ಕೆ ಹೊಂದಿಸಲು ಹೋಗಿ ಹಳೆಯದನ್ನು ಮುರಿಯುವುದು ಸುಲಭ, ಅದು ಗೊತ್ತಾಗುವುದು ಅಲ್ಲೇ.